ಪಟ್ಟದೆತ್ತಿನ ಆಣೆ

ಮುನಿಯಮ್ಮಾಳ್ ಅತ್ತೆಗೆ ಮೂರು ತಿಂಗಳಿಂದ ವಿಧವೆ ಪೆನ್ಶನ್ ಬಂದಿರಲಿಲ್ಲ. ತಿಂಗಳಿಗೆ ಸಾವಿರದ ಇನ್ನೂರು ರೂಪಾಯಿ. ಕೆಮ್ಮಿನ ಮಾತ್ರೆ, ಎಣ್ಣೆ, ಬೇಳೆ ಎಲ್ಲ ಅದರಲ್ಲೇ ಆಗಬೇಕು. ಮೊದಲ ತಿಂಗಳು ಕಾದಳು. ಎರಡನೆಯ ತಿಂಗಳು ಮಾತ್ರೆಯನ್ನು ಎರಡು ಹೊತ್ತಿನಿಂದ ಒಂದು ಹೊತ್ತಿಗೆ ಇಳಿಸಿದಳು. ಮೂರನೆಯ ತಿಂಗಳು ಆ ಒಂದನ್ನೂ ಅರ್ಧಕ್ಕೆ ಮುರಿದು ನುಂಗಿದಳು. ಆಮೇಲೆ ಒಂದು ಸೋಮವಾರ ನನ್ನ ವ್ಯಾನಿನ ಮುಂದಿನ ಸೀಟಿಗೆ ಹತ್ತಿ ಕೂತಳು.

"ಪಾಂಡಿ, ಇವತ್ತು ಲೋಡ್ ಇಲ್ಲೆ. ನನ್ನ ತಾಲೂಕಾಪೀಸ್ಗೆ ಕರ್ಕೊಂಡ್ ಓಗಪ್ಪ" ಅಂದಳು.

ನಾನು ಏಲಕ್ಕಿ ಕಂಪನಿಯ ವ್ಯಾನ್ ಡ್ರೈವರ್. ತೇವಾರಂ ದಾಟಿದ ಮೇಲೆ ಬೆಟ್ಟದ ಬುಡದಲ್ಲಿದೆ ಕಂಪನಿ. ಬೋರ್ಡಿನಲ್ಲಿ ಉದ್ದದ ಇಂಗ್ಲಿಷ್ ಹೆಸರು, ನಾವು ಯಾರೂ ಅದನ್ನು ಪೂರ್ತಿ ಓದಿದವರಲ್ಲ. ಬೆಳಿಗ್ಗೆ ಮೂರು ಊರುಗಳಿಂದ ನಲವತ್ತೆರಡು ಹೆಂಗಸರನ್ನು ಎರಡು ಟ್ರಿಪ್ಪಿನಲ್ಲಿ ತಂದು ಬಿಡುತ್ತೇನೆ, ಸಂಜೆ ವಾಪಸ್ ಬಿಡುತ್ತೇನೆ. ಅವರ ಕೆಲಸ ಏಲಕ್ಕಿ ಆರಿಸುವುದು. ಮೊರದ ಮುಂದೆ ಕಾಲು ಚಾಚಿ ಕೂತು ದಪ್ಪ ಕಾಯಿ ಒಂದು ಕಡೆ, ಸಣ್ಣದು ಒಂದು ಕಡೆ, ಬಾಯಿ ಬಿಟ್ಟದ್ದು ಇನ್ನೊಂದು ಕಡೆ. ಕಿಲೋಗೆ ಹನ್ನೆರಡು ರೂಪಾಯಿ. ಲೋಡು ಬಂದ ದಿನ ಕೂಲಿ, ಬಾರದ ದಿನ ಗಾಳಿ. ಸಂಜೆ ಗೇಟಿನಲ್ಲಿ ಒಬ್ಬೊಬ್ಬರೇ ನಿಂತು ಸೆರಗು ಕೊಡವಿ ತೋರಿಸಿದ ಮೇಲೆಯೇ ಹೊರಗೆ ಬಿಡುತ್ತಾರೆ. ಒಂದು ಕಾಯಿ ಉದುರಿದರೂ ಮರುದಿನ ಕೆಲಸವಿಲ್ಲ. ಅತ್ತೆ ಹದಿನೆಂಟು ವರ್ಷ ಹೀಗೆ ಸೆರಗು ಕೊಡವಿದ್ದಾಳೆ. ಅವಳ ಸೆರಗಿನಿಂದ ಉದುರಿದ್ದು ಧೂಳು ಮಾತ್ರ, ಆ ಧೂಳೇ ಎದೆಯೊಳಗೂ ಕೂತಿದೆ.

ಉತ್ತಮಪಾಳಯಂ ತಾಲೂಕು ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಒಬ್ಬ ಹುಡುಗಿ ಕೂತಿದ್ದಳು. ಒಳ್ಳೆಯವಳೇ. ಅತ್ತೆಯನ್ನು ಕೂರಿಸಿ, ಆಧಾರ್ ನಂಬರ್ ಒತ್ತಿ, ತಮಿಳಿನಲ್ಲಿ ಹೇಳಿದಳು:

"ಪಾಟ್ಟಿ, ಉಂಗಳುಕ್ಕು ಮಾಸ ಸಂಬಳಂ ವರುದೇ."

ಅಜ್ಜಿ, ನಿಮಗೆ ತಿಂಗಳ ಸಂಬಳ ಬರುತ್ತಿದೆಯಲ್ಲ ಎಂದು. ತಿಂಗಳಿಗೆ ಒಂಬತ್ತೂವರೆ ಸಾವಿರ. ಹನ್ನೊಂದು ತಿಂಗಳಿಂದ. ಅಷ್ಟು ಸಂಬಳ ಎಣಿಸುವವರಿಗೆ ಪೆನ್ಶನ್ ಕೊಡುವುದಕ್ಕೆ ಬರುವುದಿಲ್ಲವಂತೆ.

ಅತ್ತೆ ನಕ್ಕುಬಿಟ್ಟಳು. ನಗು ಕೆಮ್ಮಾಯಿತು. ಸುಧಾರಿಸಿಕೊಂಡು ನನ್ನ ಕಡೆ ತಿರುಗಿದಳು.

"ಆ ಸಂಬಳಂ ವಾಂಗೋ ಮುನಿಯಮ್ಮಾಳ್ ಬೇರೆ ಯಾರೋ ಇರ್ಬೇಕು. ಅವಳ್ ಸಿಕ್ಕುದ್ರೆ ನಂಗೂ ತೋರ್ಸಕ್ಕೆ ಏಳು ಪಾಂಡಿ. ಒಂದ್ ಇನ್ನೂರು ಕಡ ಕೇಳ್ತೀನಿ."

ಹುಡುಗಿ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದಳು. ಅತ್ತೆಯದೇ ಫೋಟೋ. ಅತ್ತೆಯದೇ ಹೆಸರು, ಗಂಡನ ಹೆಸರು, ಬ್ಯಾಂಕ್ ಖಾತೆ. ಕೆಲಸ ಕೊಟ್ಟವರು ಎಂದಿದ್ದ ಕಡೆ ನಮ್ಮ ಕಂಪನಿಯ ಉದ್ದದ ಹೆಸರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಅಲ್ಲಿ ಒಬ್ಬನಿದ್ದ. ಅದು ನಾನು.

ಇಲ್ಲಿ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ನಮ್ಮವರು ಇಷ್ಟು ದಡ್ಡರೇ ಎಂದು ನೀವು ಕೇಳುತ್ತೀರಿ. ನಮ್ಮ ಜನ ಈ ತಮಿಳು ಕಣಿವೆಗೆ ಬಂದು ಎಷ್ಟು ನೂರು ವರ್ಷವಾಯಿತೋ ಯಾರಿಗೂ ಗೊತ್ತಿಲ್ಲ. ಬರುವಾಗ ಕನ್ನಡ ತಂದರು, ದನದ ಮಂದೆ ತಂದರು. ಕನ್ನಡ ಈಗ ಅರ್ಧ ತಮಿಳಾಗಿದೆ, ನನ್ನ ಮಗಳಿಗೆ ಹೇಳಿದರೆ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ಮಂದೆ ಮಾತ್ರ ಹಾಗೇ ಉಳಿದಿದೆ. ಊರ ಹೊರಗಿನ ದೊಡ್ಡಿಯಲ್ಲಿ ದೇವರ ದನಗಳಿವೆ. ಅವುಗಳ ಹಾಲು ಮಾರುವುದಿಲ್ಲ, ಅವುಗಳಿಗೆ ನೊಗ ಹೂಡುವುದಿಲ್ಲ, ಸತ್ತರೆ ಮಣ್ಣು ಮಾಡುತ್ತೇವೆ. ಆ ಮಂದೆಗೆ ಒಂದು ಪಟ್ಟದೆತ್ತು. ಅದರ ಹಗ್ಗ ಹಿಡಿದು ಸುಳ್ಳಾಡಿದವನ ವಂಶ ಉಳಿಯುವುದಿಲ್ಲ ಎಂಬುದು ನಮ್ಮ ನಂಬಿಕೆ. ಗಡಿ ಜಗಳ, ಗಂಡ ಹೆಂಡಿರ ಜಗಳ ಎಲ್ಲ ಅಲ್ಲೇ ತೀರುತ್ತಿದ್ದವು. ದೊಡ್ಡಿಯಲ್ಲಿ ಹೇಳಿದ ಮಾತಿಗೆ ಸಾಕ್ಷಿ ಕೇಳುವ ಪದ್ಧತಿಯಿಲ್ಲ. ದೊಡ್ಡಿಯಲ್ಲಿ ಕೊಟ್ಟ ಕಾಗದವನ್ನು ಓದುವ ಪದ್ಧತಿಯೂ ಇಲ್ಲ. ಓದಿದರೆ ಎತ್ತನ್ನು ನಂಬಲಿಲ್ಲ ಎಂದಾಗುತ್ತದೆ.

ಕಂಪನಿಯ ಮೊದಲಾಳಿ, ಎಂದರೆ ಮಾಲೀಕ, ಹರಿಹರನ್ ನಮ್ಮವನೇ. ನಮ್ಮ ಮಾತಾಡುವವನು, ಇದೇ ದೊಡ್ಡಿಯ ಸಗಣಿ ಬಾಚಿ ಬೆಳೆದವನು. ಈಗ ಬೋಡಿಯಲ್ಲಿ ಮಹಡಿ ಮನೆ, ಬಿಳಿ ಕಾರು. ಹೋದ ವರ್ಷ ಏಲಕ್ಕಿ ಬೆಲೆ ಬಿದ್ದಾಗ ಅವನು ಹೆಂಗಸರನ್ನೆಲ್ಲ ಆಫೀಸಿಗೆ ಕರೆಯಲಿಲ್ಲ. ದೊಡ್ಡಿಗೆ ಕರೆದ. ಎತ್ತಿಗೆ ಬೆಲ್ಲ ತಿನ್ನಿಸಿ, ಕೈ ಮುಗಿದು ಮಾತಾಡಿದ.

"ಅಕ್ಕಮಾರೆ, ಬ್ಯಾಂಕ್‌ನೋರು ಲೈನ್ ನಿಲ್ಸ್ತೀವಿ ಅಂತಾರೆ. ಲೈನ್ ನಿಂತ್ರೆ ಲೋಡ್ ಇಲ್ಲೆ. ಲೋಡ್ ಇಲ್ಲಾಂದ್ರೆ ನಿಮ್ಗೂ ವೇಲೆ ಇಲ್ಲೆ. ಸರ್ಕಾರ ಒಂದ್ ಕಡನ್ ಕೊಡ್ತೀನಿ ಅಂತದೆ. ಅದ್ಕೆ ಆಳ್ಗಳ ಕೈಯೆಳುತ್ತು ಬೇಕು. ನಿಮ್ಮ ಬ್ರದರ್ ಕೇಳ್ತಾ ಅವ್ನೆ ಅನ್ಕೊಳ್ಳಿ."

ವೇಲೆ ಎಂದರೆ ಕೆಲಸ, ಕಡನ್ ಎಂದರೆ ಸಾಲ, ಕೈಯೆಳುತ್ತು ಎಂದರೆ ಸಹಿ. ನಲವತ್ತೆರಡು ಮಂದಿ ಸಾಲಾಗಿ ಬಂದು ಹಾಕಿದರು. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿ, ಆ ಮಸಿಯ ಬೆರಳಲ್ಲೇ ಎತ್ತಿನ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಒಬ್ಬಳೂ ಕಾಗದದಲ್ಲಿ ಏನಿದೆ ಎಂದು ಕೇಳಲಿಲ್ಲ.

ಏನಿತ್ತು ಎಂದು ನನಗೆ ನಿಧಾನವಾಗಿ ತಿಳಿಯಿತು. ಲೈನ್ ಎಂದರೆ ಬ್ಯಾಂಕು ತೆರೆದಿಟ್ಟ ಸಾಲ. ಗೋಡೌನಿನಲ್ಲಿ ಏಲಕ್ಕಿ ಮೂಟೆ ಎಷ್ಟಿದೆಯೋ ಅಷ್ಟಕ್ಕೆ ತೆಗೆದುಕೊಳ್ಳಬಹುದು, ಕಟ್ಟಬಹುದು, ಮತ್ತೆ ತೆಗೆದುಕೊಳ್ಳಬಹುದು. ಅಂಗಡಿಯ ಕಡದ ಪುಸ್ತಕವಿದ್ದ ಹಾಗೆ, ದೊಡ್ಡವರ ಕಡದ ಪುಸ್ತಕ. ಸರ್ಕಾರದ ಕಡನ್ ಬೇರೆ. ಕೆಟ್ಟ ಕಾಲದಲ್ಲಿ ಆಳುಗಳನ್ನು ಬಿಡಿಸದೆ, ಹತ್ತು ತಿಂಗಳು ಬಿಡದೆ ಅವರ ಖಾತೆಗೆ ಸಂಬಳ ಹಾಕಿದ ಕಂಪನಿ ಆ ಸಾಲವನ್ನು ಹಿಂದೆ ಕೊಡಬೇಕಾಗಿಲ್ಲ. ಪೂರ್ತಿ ಮನ್ನಾ. ಬಡವರ ಒಲೆ ಆರಬಾರದೆಂದು ಮಾಡಿದ ಯೋಜನೆಯಂತೆ. ಹರಿಹರನ್ ಸಂಬಳ ಹಾಕಿದ. ಹಾಕಲಿಲ್ಲ ಎಂದು ಹೇಳುವ ಹಾಗಿಲ್ಲ.

ಆದರೆ ಆ ಸಹಿಯ ಮೇಲೆ ಅವರ ಹೆಸರಲ್ಲಿ ತೆರೆದ ಹೊಸ ಖಾತೆಗಳ ಎ.ಟಿ.ಎಂ. ಕಾರ್ಡುಗಳು ಹೆಂಗಸರ ಕೈಗೆ ಹೋಗಲೇ ಇಲ್ಲ. ಬ್ಯಾಂಕಿನ ಮೆಸೇಜು ಹೋಗುವ ಫೋನ್ ನಂಬರೂ ಆಫೀಸಿನದೇ. ತಿಂಗಳ ಏಳನೆಯ ತಾರೀಕು ಮೊದಲಾಳಿ ನನ್ನ ಕೈಗೆ ಒಂದು ಬಿಸ್ಕತ್ ಡಬ್ಬಿ ಕೊಡುತ್ತಿದ್ದ. ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ನಲವತ್ತೆರಡು ಕಾರ್ಡು. ಎಲ್ಲಕ್ಕೂ ಒಂದೇ ಗುಟ್ಟಿನ ನಂಬರ್. ತೇವಾರಂ, ಬೋಡಿ, ಕಂಬಂ ಎಂದು ಸುತ್ತಿ, ಮೆಷಿನ್ನಿನಿಂದ ಕಾಸು ಎಳೆದು ತಂದು ಅವನಿಗೆ ಕೊಡುತ್ತಿದ್ದೆ. ನನಗೆ ಟ್ರಿಪ್ಪಿಗೆ ಐನೂರು ರೂಪಾಯಿ. ಮೊದಲ ತಿಂಗಳು ಕಂಪನಿಯ ಕಾಸು ಎಂದುಕೊಂಡೆ. ಮೂರನೆಯ ತಿಂಗಳು ಕಾರ್ಡಿನ ಮೇಲಿನ ಹೆಸರುಗಳನ್ನು ಓದಿದೆ. ಓದಿದ ಮೇಲೂ ಎಂಟು ತಿಂಗಳು ಎಳೆದೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಒಂದು ಬುದ್ಧಿ ಮಾತ್ರ ಉಳಿದಿತ್ತು. ಚೀಟಿ ಇಲ್ಲದ ಕಾಸಿಗೆ ಡ್ರೈವರೇ ಕಳ್ಳ ಎಂದು ನನಗೆ ಗಾಡಿ ಕಲಿಸಿದವನು ಹೇಳಿಕೊಟ್ಟಿದ್ದ. ಡೀಸೆಲ್ ಬಿಲ್ಲಿನಿಂದ ಹಿಡಿದು ಪಂಕ್ಚರ್ ಚೀಟಿಯವರೆಗೆ ನಾನು ಏನನ್ನೂ ಎಸೆಯುವುದಿಲ್ಲ. ಮೆಷಿನ್ನಿನ ಚೀಟಿಗಳೂ ಹಾಗೇ ಸೀಟಿನ ಕೆಳಗಿನ ಚೀಲದಲ್ಲಿದ್ದವು.

ವಾಪಸ್ ಬರುವಾಗ ದಾರಿಯಲ್ಲಿ ವ್ಯಾನ್ ನಿಲ್ಲಿಸಿದೆ. ಅತ್ತೆ ಹುಣಸೆ ಮರದ ಕೆಳಗೆ ಇಳಿದು ಕೂತಳು. ನಾನು ಚೀಲ ತಂದು ಅವಳ ಮಡಿಲಿಗೆ ಹಾಕಿದೆ.

"ಇದೇನಪ್ಪ?"

"ನಿನ್ ಸಂಬಳಂ ಅತ್ತೆ. ಎಳ್ಕೊಂಡ್ ಬಂದೋನ್ ನಾನೆ."

ಎಲ್ಲ ಹೇಳಿದೆ. ಬೈಯುತ್ತಾಳೆ, ಮುಖಕ್ಕೆ ಉಗುಳುತ್ತಾಳೆ ಎಂದುಕೊಂಡಿದ್ದೆ. ಅವಳು ಚೀಟಿಗಳನ್ನು ಒಂದೊಂದಾಗಿ ತೆಗೆದು ನೋಡಿದಳು, ಓದಲು ಬಾರದಿದ್ದರೂ.

"ನಾನ್ ಮಾತ್ರೆ ಮುರ್ದು ಮುರ್ದು ನುಂಗ್ತಿದ್ದಾಗ ನೀನ್ ನೋಡ್ತಿದ್ದೆ ಅಲ್ವ?"

"ನೋಡ್ತಿದ್ದೆ."

"ಸರಿ. ಅವ್ನು ದೊಡ್ಡೀಲಿ ಕೈಯೆಳುತ್ತು ವಾಂಗ್ದ. ದೊಡ್ಡೀಲೇ ಕೇಳಾನ. ಎತ್ತಿನ್ ಮುಂದೆ ಪೊಯ್ ಏಳಕ್ಕೆ ಅವ್ನ್ ಕೈಲಿ ಆಗಲ್ಲ."

ನನಗೂ ಹಾಗೇ ಅನ್ನಿಸಿತು. ಎತ್ತಿನ ಮುಂದೆ ಪೊಯ್, ಅಂದರೆ ಸುಳ್ಳು, ನಮ್ಮ ನೆನಪಿನಲ್ಲಿ ಯಾರೂ ಹೇಳಿರಲಿಲ್ಲ.

ಮುಂದಿನ ಭಾನುವಾರ ದೊಡ್ಡಿಯಲ್ಲಿ ಊರು ಸೇರಿತು. ಮಂದೆಯನ್ನು ನೋಡಿಕೊಳ್ಳುವ ಹಿರಿಯರು, ಎಲ್ಲರ ಬಾಯಲ್ಲಿ ಪೆರಿಯವರು, ಕಲ್ಲಿನ ಮೇಲೆ ಕೂತರು. ಹರಿಹರನ್ ಬಂದ. ಕಾರನ್ನು ದೂರದಲ್ಲೇ ಬಿಟ್ಟು, ಚಪ್ಪಲಿ ಕಳಚಿ, ಇಸ್ತ್ರಿ ಮಾಡಿದ ಬಿಳಿ ವೇಷ್ಟಿ, ಅಂದರೆ ಪಂಚೆ ಉಟ್ಟು ಬಂದು ಎಲ್ಲರಿಗೂ ಕೈ ಮುಗಿದ. ನಾನು ಎದ್ದು ನಿಂತು ಕಾರ್ಡಿನ ವಿಷಯ ಹೇಳಿದೆ. ಚೀಟಿಗಳನ್ನು ಪೆರಿಯವರ ಮುಂದೆ ಸುರಿದೆ. ಅವರು ಅವನ್ನು ಮುಟ್ಟಲಿಲ್ಲ.

"ಏನ್ ಏಳ್ತೀಯ ಹರಿಹರಾ?"

"ಏಳಕ್ಕೆ ಏನ್ ಐತೆ ಪೆರಿಯವರೆ. ಸಂಬಳಂ ನಾನ್ ಆಕ್ದೆ. ಬ್ಯಾಂಕ್ ಪುಸ್ತಕದಲ್ಲೇ ಐತೆ. ಅಕ್ಕಮಾರಿಗೆ ಮೆಷಿನ್ ಗೊತ್ತಾಗಲ್ಲ, ಎಳ್ದು ಮನೆ ಮನೆಗೂ ಕೊಡು ಅಂತ ಇವ್ನ ಕೈಗೆ ಕಾರ್ಡ್ ಕೊಟ್ಟೆ. ಎಳ್ದೋನ್ ಇವ್ನು. ಚೀಟಿ ಇರೋದೂ ಇವ್ನತ್ರ. ಕಾಸ್ ಎಲ್ಲಿ ಅಂತ ಇವ್ನನ್ನೇ ಕೇಳಿ."

ಯಾವ ಚೀಟಿ ನನ್ನನ್ನು ಕಾಯುತ್ತದೆ ಎಂದುಕೊಂಡಿದ್ದೆನೋ ಅದೇ ನನ್ನ ಕೊರಳಿಗೆ ಬಂತು. ಚೆಲ್ಲಮ್ಮಾಳ್ ಎಂಬ ಹೆಂಗಸು, ದಿನಾ ನನ್ನ ವ್ಯಾನಿನಲ್ಲಿ ಬರುವವಳು, ನನ್ನನ್ನು ಒಂದು ಥರ ನೋಡಿದಳು.

"ಆಣೆ ಇಡ್ಲಿ" ಎಂದಳು ಮುನಿಯಮ್ಮಾಳ್ ಅತ್ತೆ. ಅವಳ ದನಿಯಲ್ಲಿ ಇನ್ನೂ ಧೈರ್ಯವಿತ್ತು.

ಹರಿಹರನ್ ಎತ್ತಿನ ಹತ್ತಿರ ಹೋದ. ನೇರವಾಗಿ ಹೋಗಿ ಹಗ್ಗ ಹಿಡಿದ. "ಈ ಅಕ್ಕಮಾರ ಒಂದ್ ಕಾಸ್ ನಾನ್ ತಿಂದಿಲ್ಲ. ಸತ್ಯಂ" ಅಂದ. ದನಿ ನಡುಗಲಿಲ್ಲ.

ಆಮೇಲೆ ನಾನು ಹೋದೆ. ಅವನು ಹಿಡಿದ ಜಾಗದಲ್ಲೇ ಹಗ್ಗ ಹಿಡಿದೆ. "ಎಳ್ದಿದ್ ಎಲ್ಲ ಇವ್ನ ಕೈಗೇ ಕೊಟ್ಟೆ. ನಾನ್ ತಿಂದಿದ್ದು ಟ್ರಿಪ್ಗೆ ಐನೂರು. ಸತ್ಯಂ" ಅಂದೆ.

ಎತ್ತು ಅವನಿಗೂ ಕಿವಿ ಆಡಿಸಿತು, ನನಗೂ ಕಿವಿ ಆಡಿಸಿತು. ಹುಲ್ಲು ಅಗಿಯುತ್ತ ನಿಂತಿತು. ಎಲ್ಲರೂ ಅದರ ಮುಖವನ್ನೇ ನೋಡುತ್ತಿದ್ದರು. ಎಷ್ಟು ಹೊತ್ತು ನೋಡಿದರೋ. ಪೆರಿಯವರು ಎದ್ದು ವಲ್ಲಿ ಕೊಡವಿಕೊಂಡರು.

"ಒಂದೇ ಅಗ್ಗಕ್ಕೆ ಎರಡ್ ಆಣೆ ನಾನ್ ಕಂಡಿಲ್ಲ. ಯಾರ್ ಪೊಯ್ ಏಳಿದ್ರೋ ಅವ್ರನ್ನ ಸಾಮಿ ಕೇಳ್ತಾರೆ" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಹೊರಟರು. ಹರಿಹರನ್ ದೊಡ್ಡಿಯ ಹುಂಡಿಗೆ ಎರಡು ಸಾವಿರ ಹಾಕಿ ಹೋದ. ಹೋಗುವಾಗ ನನ್ನ ಮುಂದೆ ಕೈ ಚಾಚಿದ, ವ್ಯಾನಿನ ಕೀ ಕೊಡು ಎಂದು. ಕೊಟ್ಟೆ.

ಅವತ್ತು ಅತ್ತೆ ತುಂಬ ಹೊತ್ತು ದೊಡ್ಡಿಯಲ್ಲೇ ಕೂತಿದ್ದಳು. ನಾನೂ ಚೀಟಿಗಳನ್ನು ಮತ್ತೆ ಚೀಲಕ್ಕೆ ತುಂಬಿಕೊಂಡು ಕೂತಿದ್ದೆ. ಅವಳ ಮುಖ ನೋಡಲು ನನಗೆ ಆಗಲಿಲ್ಲ. ಪೆನ್ಶನ್ ಹೋದಾಗ ಅಳದವಳು ಅವತ್ತು ಅತ್ತಳು.

"ಅರವತ್ ವರ್ಸ ಈ ಮಂದೆಗೆ ಉಲ್ಲು ತಂದಾಕ್ದೆ ಪಾಂಡಿ" ಅಂದಳು. "ಈ ಎತ್ತಿನ್ ತಪ್ಪೇನಿಲ್ಲೆ. ಪಾವಂ, ಬಾಯಿಲ್ಲದ್ದು. ಬಾಯಿ ಇರೋರು ನಾವು. ನಾವ್ ಬಾಯ್ ಮುಚ್ಕೊಂಡು ಎತ್ತು ಮಾತಾಡ್ಲಿ ಅಂತ ಕಾದ್ವಲ್ಲ."

ಎರಡು ವಾರಕ್ಕೆ ಕಂಪನಿಯಲ್ಲಿ ಜಾಂಗಿರಿ ಹಂಚಿದರು. ಸರ್ಕಾರದ ಕಡನ್ ಮನ್ನಾ ಆಗಿ ಕಾಗದ ಬಂದಿತ್ತು. ತಲೆಗೊಂದು ಜಾಂಗಿರಿ. ಅತ್ತೆ ತನ್ನದನ್ನು ತಿನ್ನದೆ ಪೇಪರಿನಲ್ಲಿ ಸುತ್ತಿಕೊಂಡು ನನ್ನ ಮನೆಗೆ ಬಂದಳು. "ತಗೊ. ನನ್ ಅನ್ನೊಂದ್ ತಿಂಗ್ಳ ಸಂಬಳಂ. ನಿನ್ ಮಗಳಿಗ್ ಕೊಡು" ಎಂದು ಇಟ್ಟಳು. ನನ್ನ ಮಗಳು ತಿಂದಳು.

ಆಕೆ ಬಂದಿದ್ದು ಜಾಂಗಿರಿ ಕೊಡುವುದಕ್ಕಲ್ಲ. ಕೆಲಸಕ್ಕೆ ಹೋಗುತ್ತಿದ್ದವಳು ಹೋಗುತ್ತಲೇ ಇದ್ದಳು, ಹರಿಹರನ್ನಿಗೂ ಕೈಗಳು ಬೇಕಾಗಿದ್ದವು. ಅವಳು ತಂದ ಸುದ್ದಿ ಇದು: ಶುಕ್ರವಾರ ಬ್ಯಾಂಕಿನವರು ಮೂಟೆ ನೋಡಲು ಬರುತ್ತಾರೆ, ಲೈನ್ ಇನ್ನೂ ದೊಡ್ಡದು ಮಾಡುತ್ತಾರೆ.

"ನಿನ್ನೆಯಿಂದ ಮೂಟೆ ಕಟ್ತಾ ಅವ್ರೆ. ಅಡೀಲಿ ಸಿಪ್ಪೆ, ಮೇಲೆ ಎರಡ್ ಗೇಣ್ ಅಸ್ರು ಕಾಯಿ. ಪ್ರತಿ ಸಲ ಇಂಗೇ. ನಮ್ ಕೈಲೇ ಕಟ್ಸೋದು. ಕಂಪನಿ ಉಳೀಲಿ ಅಂತ ನಾವೂ ಕಟ್ತಿದ್ವಿ." ಆಮೇಲೆ ಹೇಳಿದಳು: "ನೀನೂ ಕಳ್ಳ, ನಾವೂ ಕಳ್ಳರು ಪಾಂಡಿ. ಅವ್ನಿಗೋಸ್ಕರ. ಶುಕ್ರವಾರ ಅತ್ತು ಗಂಟೆಗೆ ಗೇಟ್ ತಾವ ಬಂದ್ ನಿಲ್ಲು. ಚೀಟಿ ತಂದಿರು."

"ಚೆಲ್ಲಮ್ಮಾಳಕ್ಕ ನನ್ನ ಕಳ್ಳ ಅಂತಾ ಅವ್ರೆ."

"ಅನ್ಲಿ. ಅವಳ್ಗೂ ಪೆನ್ಶನ್ ನಿಂತದೆ ನೆನ್ನೆ. ಈಗ್ ಅನ್ನಲ್ಲ."

ಶುಕ್ರವಾರ ಹೋದೆ. ಗೇಟಿನಿಂದ ತಗಡಿನ ಶೆಡ್ ಪೂರ್ತಿ ಕಾಣುತ್ತದೆ. ಮೂಟೆಗಳು ಗೋಡೆಯುದ್ದಕ್ಕೂ ನಿಂತಿದ್ದವು, ಬಾಯಿ ಬಿಚ್ಚಿ, ಮೇಲೆ ಹಸಿರು ಕಾಯಿ ಹೊಳೆಯುತ್ತ. ಹೆಂಗಸರು ಮೊರದ ಮುಂದೆ ಸಾಲಾಗಿ ಕೂತಿದ್ದರು. ಬ್ಯಾಂಕಿನ ಆಫೀಸರ್ ಒಂದೊಂದು ಮೂಟೆಯ ಮೇಲಿಂದ ಒಂದು ಹಿಡಿ ತೆಗೆದು ಮೂಸಿ, ಬರೆದುಕೊಂಡು ಮುಂದೆ ಹೋಗುತ್ತಿದ್ದ. ಅವನ ಕೈ ಗೇಣಿಗಿಂತ ಕೆಳಗೆ ಇಳಿಯುತ್ತಿರಲಿಲ್ಲ. ಇಳಿಸಬಾರದು ಎಂದು ಅವನಿಗೂ ಗೊತ್ತಿರಬೇಕು.

ಜೆಯಂತಿ ಮೊದಲು ಎದ್ದಳು. ಪ್ಲಸ್ ಟೂ ಓದಿದ ಹುಡುಗಿ, ಮೂಟೆ ಹೊಲಿಯುವವಳು. ಕೈಯಲ್ಲಿ ದಬ್ಬಳವಿತ್ತು. ಆಫೀಸರ್ ಮುಂದಿದ್ದ ಮೂಟೆಯ ಅಡಿಗೆ ಚುಚ್ಚಿ ಸರ್ರನೆ ಎಳೆದಳು. ಸಿಪ್ಪೆ ಸುರಿಯಿತು. ಕಂದು ಸಿಪ್ಪೆ, ಕಡ್ಡಿ, ಧೂಳು, ಆಫೀಸರ್ ಬೂಟಿನ ಮೇಲೆ.

"ಅದು ವೇಸ್ಟ್ ಮೂಟೆ ಸಾರ್, ತಪ್ಪಾಗಿ ಸೇರಿದೆ" ಎಂದ ಹರಿಹರನ್, ತಮಿಳಿನಲ್ಲಿ.

ಚೆಲ್ಲಮ್ಮಾಳ್ ಎದ್ದು ಪಕ್ಕದ ಮೂಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬೀಳಿಸಿದಳು. ಅದರಲ್ಲೂ ಸಿಪ್ಪೆ. ಆಮೇಲೆ ಯಾರು ಯಾವುದನ್ನು ಬೀಳಿಸಿದರೋ ಗೊತ್ತಾಗಲಿಲ್ಲ. ಶೆಡ್ಡಿನಲ್ಲಿ ಧೂಳೆದ್ದಿತು. ನಲವತ್ತೆರಡು ಹೆಂಗಸರೂ ಕೆಮ್ಮುತ್ತ ಮೂಟೆ ಉರುಳಿಸುತ್ತಿದ್ದರು.

ಆಫೀಸರ್ ಏನು ಮಾಡಿದ ಎಂದು ಕೇಳುತ್ತೀರಾ? ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು ಫೈಲ್ ಮಡಚಿದ. "ಇಲ್ಲಿ ಬೇಡ, ಬೋಡಿಗೆ ಹೋಗಿ ಮಾತಾಡೋಣ" ಅಂದ. ಇಬ್ಬರೂ ಬಿಳಿ ಕಾರು ಹತ್ತಿದರು. ಬೋಡಿಯಲ್ಲಿ ಏನು ಮಾತಾಡುತ್ತಾರೆ ಎಂದು ನಮಗೆ ಗೊತ್ತಿಲ್ಲವೇ? ಹೊಸ ಫೈಲು, ಹೊಸ ಮೂಟೆ, ಹೊಸ ಲೈನು.

ಕಾರು ಗೇಟಿಗೆ ಬರುವಷ್ಟರಲ್ಲಿ ಹೆಂಗಸರು ಅಲ್ಲಿದ್ದರು. ಗೇಟಿನ ಅಡ್ಡಕ್ಕೆ, ನೆಲದ ಮೇಲೆ, ಮೊರದ ಮುಂದೆ ಕೂರುವ ಹಾಗೇ ಕಾಲು ಚಾಚಿ ಕೂತರು. ನಾನು ಹೊರಗಿನಿಂದ ಬಂದು ಅವರ ಪಕ್ಕ ಕೂತೆ. ಚೆಲ್ಲಮ್ಮಾಳ್ ಸ್ವಲ್ಪ ಸರಿದು ಜಾಗ ಕೊಟ್ಟಳು. ನನ್ನ ಕೈಯ ಚೀಟಿ ಚೀಲ ತೆಗೆದುಕೊಂಡು ತನ್ನ ಮಡಿಲಲ್ಲಿಟ್ಟುಕೊಂಡಳು.

ಹರಿಹರನ್ ಹಾರ್ನ್ ಹೊಡೆದ. ಗಾಜು ಇಳಿಸಿ, "ಅಕ್ಕಾ, ಎದ್ದೇಳಿ, ಎಲ್ಲ ಮಾತಾಡಿ ತೀರ್ಸಾನ" ಅಂದ.

ಮುನಿಯಮ್ಮಾಳ್ ಅತ್ತೆ ಎದ್ದು ಕಾರಿನ ಹತ್ತಿರ ಹೋದಳು. ಹದಿನೆಂಟು ವರ್ಷ ಅವನನ್ನು ಮೊದಲಾಳಿ ಎಂದೇ ಕರೆದವಳು.

"ತಂಬಿ" ಅಂದಳು, ತಮ್ಮ ಎನ್ನುವ ಹಾಗೆ, "ದಿನಾ ಸಾಯಂಕಾಲ ಇದೇ ಜಾಗದಲ್ಲಿ ನಾನ್ ಸೆರಗ್ ಕೊಡವ್ದೆ. ಒಂದ್ ಕಾಯಿ ಬಿದ್ದಿಲ್ಲೆ. ಈ ಗೇಟ್ ದಾಟೋರ್ಗೆಲ್ಲ ಅದೇ ಸಟ್ಟಂ, ಅದೇ ರೂಲು ಅಂತ ನೀನೇ ಏಳ್ದೆ. ಇವತ್ ನೀ ಇಳಿ. ವೇಷ್ಟಿ ಕೊಡವ್ಬುಟ್ಟು ಓಗು."

ಕೆಮ್ಮು ಬಂತು. ಕೆಮ್ಮಿ ಮುಗಿಸಿ ಹಾಗೇ ನಿಂತಳು. ಗೇಟ್ ಕಾಯುವವನು, ಇಷ್ಟು ವರ್ಷ ಸೆರಗು ನೋಡಿ ನೋಡಿ ಬಿಟ್ಟವನು, ಮೊದಲಾಳಿಯ ಮುಖ ನೋಡಿದ, ಅತ್ತೆಯ ಮುಖ ನೋಡಿದ. ಆಮೇಲೆ ಗೇಟಿನ ಚಿಲಕ ಹಾಕಿ, ದಿನಾ ಸೆರಗು ನೋಡಲು ನಿಲ್ಲುವ ಹಾಗೇ ಕಾರಿನ ಬಾಗಿಲ ಹತ್ತಿರ ಬಂದು ನಿಂತ.